ಕೌದಿಯಲ್ಲಿ ಕರಗುವ ಮಮತ್ವ

ಹೊಲದ ಕೆಲಸ ಮುಗಿದು ಬಿಡುವು ದೊರೆತ ಬೇಸಿಗೆಯಲ್ಲಿ ಕೌದಿ ಹೊಲಿಯುವುದು ನಮ್ಮ ಬಯಲುಸೀಮೆಯ ಹಳೆಯ ರೂಢಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಸೀರೆಯೊಂದನ್ನು ಪಡಸಾಲೆಯಲ್ಲಿ ಹಾಸಿ, ಮೂಲೆಗಳಿಗೆ ಭಾರವಿಟ್ಟು, ಅದರ ಮೇಲೆ ಸವೆದ ಪಂಚೆ, ಕುಪ್ಪಸ, ಮಕ್ಕಳ ಲಂಗಗಳ ತುಂಡುಗಳನ್ನು ಜೋಡಿಸಿ, ನೆರೆಹೊರೆಯ ನಾಲ್ಕಾರು ಹೆಂಗಸರು ಸುತ್ತಲೂ ಕುಳಿತು ಸೂಜಿ ಹಿಡಿಯುತ್ತಾರೆ. ಅಂಚಿನಿಂದ ಹೊರಟ ಹೊಲಿಗೆ ನಡುವಿನತ್ತ ಸಾಗುತ್ತದೆ. ಒಬ್ಬಾಕೆಯ ಹೊಲಿಗೆ ಒತ್ತು, ಇನ್ನೊಬ್ಬಾಕೆಯದು ಬಿಡಿ. ಕೌದಿ ಎರಡನ್ನೂ ತಾಳಿಕೊಳ್ಳುತ್ತದೆ.

ಜೈನಧರ್ಮವು ಬಟ್ಟೆಯ ವಿಚಾರವನ್ನು ಹಗುರವಾಗಿ ಕಂಡಿಲ್ಲ. ಶ್ರಾವಕನು ಮಿತಿ ಹಾಕಿಕೊಳ್ಳಬೇಕಾದ ಪರಿಗ್ರಹಗಳಲ್ಲಿ ಹೊಲ, ಮನೆ, ಹೊನ್ನು, ಧಾನ್ಯಗಳ ಜೊತೆಗೆ ‘ಕುಪ್ಯ’ವನ್ನೂ ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹೆಸರಿಸಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದಕ್ಕೆ ಹತ್ತಿ, ರೇಷ್ಮೆ ಮೊದಲಾದವನ್ನೇ ಅರ್ಥವಾಗಿ ಕೊಡುತ್ತಾರೆ. ಹೊಲಕ್ಕೂ ಹೊನ್ನಿಗೂ ಎಲ್ಲೆ ಹಾಕಿಕೊಂಡ ಎಷ್ಟು ಮಂದಿ ಕಪಾಟಿನ ಸೀರೆಗಳನ್ನು ಎಣಿಸಿದ್ದೇವೆ?

ಹಳೆಯ ಬಟ್ಟೆಯನ್ನು ಮೂಟೆ ಕಟ್ಟಿ ಕೊಟ್ಟುಬಿಡುವುದು ಈಗಿನ ಸುಲಭದ ಪುಣ್ಯ. ಕೊಡಬಾರದೆಂದು ಹೇಳುತ್ತಿಲ್ಲ, ತೊಡಲಿಲ್ಲದವರಿಗೆ ಅದು ನಿಜವಾದ ಉಪಕಾರ. ಆದರೆ ಹೊಸದಕ್ಕೆ ಜಾಗ ಮಾಡಿಕೊಳ್ಳಲು ಹಳೆಯದನ್ನು ಹೊರಹಾಕುವುದನ್ನು ತ್ಯಾಗವೆಂದು ಕರೆಯಲು ಮನಸ್ಸೊಪ್ಪುವುದಿಲ್ಲ. ನಮಗೆ ಬೇಡವಾದುದನ್ನು ಕೊಟ್ಟಾಗ ಮಮತ್ವ ಎಲ್ಲಿ ಕಡಿಯಿತು? ಪರಿಗ್ರಹವಿರುವುದು ವಸ್ತುವಿನಲ್ಲಿ ಅಲ್ಲ, ‘ಇದು ನನ್ನದು’ ಎಂಬ ಮೂರ್ಛೆಯಲ್ಲಿ ಎಂಬುದೇ ಆಚಾರ್ಯರ ನಿಲುವು.

ಕೌದಿಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ತೀರಿಹೋದ ತಾಯಿಯ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವ ಮಗಳಿಗೆ ಅದು ಬೇಡವಾದ ವಸ್ತುವಲ್ಲ, ಬೇಕಾದ ವಸ್ತು. ಅದಕ್ಕೆ ಕತ್ತರಿಯಿಡುವಾಗ ಕೈ ನಡುಗುತ್ತದೆ. ತನ್ನ ಮನೆಗೆ ಮಾತ್ರ ಹೊಲಿದುಕೊಂಡ ಕೌದಿ ಆ ನೆನಪನ್ನು ಮತ್ತೊಂದು ರೂಪದಲ್ಲಿ ಕಾಪಿಡಬಹುದು. ಗೆಳತಿಯರು ಕೂಡಿ ಹೊಲಿದ ಕೌದಿಯಲ್ಲಿಯಾದರೋ ತಾಯಿಯ ಸೆರಗಿನ ಪಕ್ಕಕ್ಕೆ ನೆರೆಮನೆಯ ಕೂಸಿನ ಅಂಗಿ ಬಂದು ಕೂರುತ್ತದೆ, ಅದರಾಚೆಗೆ ಇನ್ನಾರದೋ ಪಂಚೆ. ಯಾವ ಹೊಲಿಗೆ ಯಾರದೆಂದು ಬಿಡಿಸಿ ಹೇಳಲು ಬಾರದು. ನೆನಪು ಉಳಿಯುತ್ತದೆ, ಒಡೆತನ ಸಡಿಲುತ್ತದೆ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವಾರ್ಥಸೂತ್ರದ ಮಾತನ್ನು ನಮ್ಮ ಲಾಂಛನದಡಿ ಬರೆದುಕೊಂಡಿದ್ದೇವೆ. ಮಹಾವೀರ ನಿರ್ವಾಣದ 2500ನೆಯ ವರ್ಷಾಚರಣೆಯ ಕಾಲಕ್ಕೆ ರೂಪುಗೊಂಡ ಲಾಂಛನವದು. ಆ ಮಾತು ಅನುಭವಕ್ಕೆ ಬರಲು ಇಂಥದೊಂದು ಪಡಸಾಲೆ ಬೇಕು.

ಮೊಳಕಾಲ್ಮೂರಿನ ಹೆಸರೆತ್ತಿದ ಮೇಲೆ ರೇಷ್ಮೆಯ ಮಾತನ್ನು ತಪ್ಪಿಸಿಕೊಳ್ಳುವಂತಿಲ್ಲ. ಅಲ್ಲಿನ ಸೀರೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹೆಮ್ಮೆಯ ನೇಯ್ಗೆ. ಎಳೆ ಕಡಿಯದಂತೆ ನೂಲು ತೆಗೆಯಲು ಗೂಡುಗಳೊಳಗಿನ ಜೀವವನ್ನು ಬಿಸಿಯಿಂದ ಕೊಲ್ಲುತ್ತಾರೆಂಬುದೂ ಎಲ್ಲರಿಗೆ ತಿಳಿದದ್ದೇ. ಒಂದು ಸೀರೆಯ ಹಿಂದೆ ಸಾವಿರಾರು ಗೂಡುಗಳು. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪ್ರಾಣಿದಯೆಯನ್ನು ಬೋಧಿಸುವ ಅಶೋಕನ ಶಾಸನವಿದೆ. ಅದನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಬಂಡೆಯೂ ಮಗ್ಗವೂ ಒಂದೇ ಸೀಮೆಯವು.

ನೇಕಾರನನ್ನು ದೂರುವುದು ಅನ್ಯಾಯ. ಅವನದು ಹೊಟ್ಟೆಪಾಡು, ಉದ್ಯೋಗದಲ್ಲಿ ಒದಗುವ ಹಿಂಸೆಯನ್ನು ನಮ್ಮ ಶಾಸ್ತ್ರವು ಸಂಕಲ್ಪಹಿಂಸೆಯಿಂದ ಬೇರ್ಪಡಿಸಿಯೇ ನೋಡುತ್ತದೆ. ಆದರೆ ಕೃತ, ಕಾರಿತ, ಅನುಮೋದನ ಎಂದು ಮೂರನ್ನೂ ಎಣಿಸುವ ಧರ್ಮದಲ್ಲಿ, ಪರ್ವಕ್ಕೊಂದು ಹೊಸ ರೇಷ್ಮೆ ಬಯಸಿ ಅದನ್ನೇ ಮಡಿಯೆಂದು ಉಟ್ಟು ಅಭಿಷೇಕಕ್ಕೆ ನಿಲ್ಲುವ ನಾವು ಲೆಕ್ಕದಿಂದ ಹೊರಗುಳಿಯಲಾರೆವು. ಪೂಜೆಗೆ ಒಗೆದ ಹತ್ತಿಬಟ್ಟೆ ಸಾಕು. ಮನೆಯಲ್ಲಿ ಈಗಾಗಲೇ ಇರುವ ರೇಷ್ಮೆಯನ್ನು ಹರಿಯುವ ತನಕ ಉಟ್ಟು, ಹರಿದ ಮೇಲೆ ಕೌದಿಯ ಒಳಪದರಕ್ಕೆ ಹಾಕಬಹುದು. ಹಳೆಯ ರೇಷ್ಮೆ ಮಡಿಕೆಯಲ್ಲಿ ಸೀಳುತ್ತದೆ, ಮೇಲುಪದರಕ್ಕೆ ಬಾಳಿಕೆಯಿಲ್ಲ. ಎಷ್ಟೋ ಜೀವಗಳನ್ನು ತೆತ್ತು ಬಂದ ಬಟ್ಟೆ ಕಸದ ಗುಂಡಿಗೆ ಹೋಗುವುದಕ್ಕಿಂತ ಅದು ಲೇಸು.

ದಿಗಂಬರ ಪರಂಪರೆಯ ಕ್ಷುಲ್ಲಕರು ಕೌಪೀನದ ಜೊತೆ ಒಂದು ಖಂಡವಸ್ತ್ರವನ್ನಷ್ಟೇ ಇರಿಸಿಕೊಳ್ಳುತ್ತಾರೆ. ತಲೆ ಮುಚ್ಚಿದರೆ ಕಾಲು ತೆರೆದುಕೊಳ್ಳುವ, ಕಾಲು ಮುಚ್ಚಿದರೆ ತಲೆ ತೆರೆದುಕೊಳ್ಳುವ ತುಂಡು ಅದು. ಮೈಗೆ ಸಾಲದಷ್ಟೇ ಬಟ್ಟೆ ಸಾಕೆಂಬ ಆ ಎತ್ತರಕ್ಕೆ ಗೃಹಸ್ಥರು ಏರಲಾರರು, ನಿಜ. ನಮ್ಮ ಪಾಲಿಗೆ ತುಂಡುಗಳನ್ನು ಕೂಡಿಸುವ ಕೆಲಸವಿದೆ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಬಸದಿಯ ಪ್ರವಚನಮಂದಿರಗಳಲ್ಲಿ ಒಂದು ಹಳೆಯ ಸೀರೆಯನ್ನು ಹಾಸಬಹುದಲ್ಲವೇ? ಬರುವ ಪ್ರತಿಯೊಬ್ಬ ಶ್ರಾವಿಕೆಯೂ ಬೇಡವಾದ ಬಟ್ಟೆಯನ್ನಲ್ಲ, ಬಿಡಲು ಕಷ್ಟವಾದ ಒಂದು ತುಂಡನ್ನು ತರಲಿ. ಗಂಡಸರೂ ಸೂಜಿ ಹಿಡಿದರೆ ಕೆಲಸ ಬೇಗ ಮುಗಿದೀತು. ಅದು ಯಾವ ಬಾಣಂತಿಯ, ಯಾವ ಮುದುಕರ ಮನೆಗೆ ಹೋಗಬೇಕೆಂಬುದನ್ನು ಮೊದಲೇ ಗೊತ್ತುಮಾಡುವುದು ಬೇಡ. ಕೊನೆಯ ಹೊಲಿಗೆ ಬಿದ್ದ ಮೇಲೆ ಕೂತು ಯೋಚಿಸೋಣ.