ಪೈಲಟ್ ಆಗಬೇಕೆನ್ನುವ ಮೊಮ್ಮಗಳಿಗೆ

ಮಕ್ಕಳೇ, ಈ ವಾರ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಪ್ರಪಂಚದ ವಿಮಾನ ಕಂಪನಿಗಳ ಪೈಲಟ್‌ಗಳಲ್ಲಿ 100 ಜನರನ್ನು ಸಾಲಾಗಿ ನಿಲ್ಲಿಸಿದರೆ ಅವರಲ್ಲಿ ಹೆಂಗಸರು 5 ಅಥವಾ 6 ಮಂದಿ ಸಿಗಬಹುದು. ನಮ್ಮ ಭಾರತದ 100 ಪೈಲಟ್‌ಗಳನ್ನು ನಿಲ್ಲಿಸಿದರೆ? ಸುಮಾರು 15. ಅಮೆರಿಕಕ್ಕಿಂತಲೂ ಈ ವಿಷಯದಲ್ಲಿ ನಾವು ಮುಂದೆ.

ಇದು ಹೇಗಾಯಿತು ಎಂದರೆ ಹಲವು ಕಾರಣ ಹೇಳುತ್ತಾರೆ. ಅದರಲ್ಲಿ ಒಂದನ್ನು ಕೇಳಿದರೆ ಅಜ್ಜಿಯರಿಗೆ ಖುಷಿಯಾದೀತು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಅಮ್ಮನೋ ಅತ್ತೆಯೋ ಇರುವುದರಿಂದ ನಮ್ಮ ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಲ್ಲರು ಎನ್ನುವುದೇ ಆ ಕಾರಣ. ಹಾಗಾಗಿ ಈ ವಾರದ ಮಾತು ಮೊಮ್ಮಗಳಿಗೆ ಎಷ್ಟೋ ಅವಳ ಅಜ್ಜ ಅಜ್ಜಿಗೂ ಅಷ್ಟೇ.

ಮೊದಲು ಹಾರಿದವರು

1936ರಲ್ಲಿ ಲಾಹೋರಿನಲ್ಲಿ ಸರಳಾ ಠಕ್ರಾಲ್ ಎಂಬ 21 ವರ್ಷದ ಹೆಣ್ಣುಮಗಳು ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನವನ್ನು ಒಬ್ಬಳೇ ಹಾರಿಸಿದಳು. ಉಟ್ಟಿದ್ದು ಸೀರೆ. ಆಗಲೇ ಆಕೆಗೆ 4 ವರ್ಷದ ಮಗಳಿದ್ದಳು. ಗಂಡನೂ ಪೈಲಟ್, 1939ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸಂಬಳಕ್ಕೆ ವಿಮಾನ ನಡೆಸುವ ಲೈಸೆನ್ಸಿಗಾಗಿ ಸರಳಾ ತರಬೇತಿಗೆ ಹೊರಟರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು, ತರಬೇತಿ ನಿಂತಿತು. ಆಮೇಲೆ ಅವರು ಚಿತ್ರಕಲೆ, ಬಟ್ಟೆ ವಿನ್ಯಾಸಗಳಲ್ಲಿ ಜೀವನ ಕಟ್ಟಿಕೊಂಡರು.

ಆ ಲೈಸೆನ್ಸನ್ನು ನಮ್ಮ ದೇಶದಲ್ಲಿ ಮೊದಲು ಪಡೆದ ಮಹಿಳೆ ಪ್ರೇಮ್ ಮಾಥುರ್. ಕೈಯಲ್ಲಿ ಲೈಸೆನ್ಸ್ ಇದ್ದರೂ ಹೆಂಗಸನ್ನು ಪೈಲಟ್ ಸೀಟಿನಲ್ಲಿ ಕೂರಿಸಲು ಕಂಪನಿಗಳು ಹಿಂಜರಿದವು. ಕೊನೆಗೆ ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್.

ನಮ್ಮ ಬೆಂಗಳೂರಿನ ಕಥೆಯೂ ಒಂದಿದೆ. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯಿಂದ 1949ರಲ್ಲಿ ತೇರ್ಗಡೆಯಾಗಿ ಹೊರಬಂದವರು ಉಷಾ ಸುಂದರಂ. 1951ರಲ್ಲಿ ಅವರು ತಮ್ಮ ಪತಿ ಕ್ಯಾಪ್ಟನ್ ವಿ. ಸುಂದರಂ ಜೊತೆ ಲಂಡನ್ನಿನಿಂದ ಮುಂಬೈಗೆ ಡವ್ ಎಂಬ ವಿಮಾನವನ್ನು ಸುಮಾರು 27 ಗಂಟೆಗಳಲ್ಲಿ ತಂದರು. ಆ ಕಾಲಕ್ಕೆ ಅದು ದಾಖಲೆ.

ಅಲ್ಲಿಂದ 70 ವರ್ಷ ಮುಂದೆ ಬನ್ನಿ. 2021ರ ಜನವರಿ 11ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಪೈಲಟ್‌ಗಳೆಲ್ಲ ಮಹಿಳೆಯರೇ. ಬಂದ ದಾರಿ ಉತ್ತರ ಧ್ರುವದ ಮೇಲೆ. ಬೆಂಗಳೂರಿಗೆ ಬರಲು ಧ್ರುವಕ್ಕೆ ಯಾಕೆ ಹೋಗಬೇಕು? ಮನೆಯಲ್ಲೋ ಶಾಲೆಯಲ್ಲೋ ಗ್ಲೋಬ್ ಇದ್ದರೆ ಒಂದು ದಾರವನ್ನು ಎರಡೂ ಊರುಗಳ ನಡುವೆ ಬಿಗಿಯಾಗಿ ಎಳೆದು ನೋಡಿ, ಉತ್ತರ ಸಿಗುತ್ತದೆ.

ಬೇಕಾದ ಓದು

ವಿಮಾನ ಕಂಪನಿಯಲ್ಲಿ ಕೆಲಸ ಮಾಡಲು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕು. ಎಲ್ಲರೂ ಸಿಪಿಎಲ್ ಎನ್ನುತ್ತಾರೆ. ಕೊಡುವುದು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ವಯಸ್ಸು 18 ತುಂಬಿರಬೇಕು. 16ಕ್ಕೇ ವಿದ್ಯಾರ್ಥಿ ಪೈಲಟ್ ಆಗಿ ಕಲಿಕೆ ಶುರು ಮಾಡಬಹುದು.

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು ಎನ್ನುವುದು ಬಹುಕಾಲದಿಂದ ಇರುವ ನಿಯಮ. ಆರ್ಟ್ಸ್, ಕಾಮರ್ಸ್ ಓದಿದವರು ಆ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಬರೆದು ಪಾಸು ಮಾಡಿಕೊಳ್ಳುವುದುಂಟು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಗೆ ಈ ಆಸೆ ಇದ್ದರೆ ಸೈನ್ಸ್ ತೆಗೆದುಕೊಳ್ಳುವುದೇ ಸುಲಭದ ದಾರಿ.

ಗಣಿತ ಯಾಕೆ ಎನ್ನುತ್ತೀರಾ? ಪೈಲಟ್‌ಗಳಿಗೆ ಒಂದು ಬಾಯಿಲೆಕ್ಕ ಕಲಿಸುತ್ತಾರೆ. ದಿಕ್ಕು 1 ಡಿಗ್ರಿ ತಪ್ಪಿದರೆ 60 ಮೈಲಿ ಹೋಗುವಷ್ಟರಲ್ಲಿ 1 ಮೈಲಿ ಪಕ್ಕಕ್ಕೆ ಸರಿದಿರುತ್ತೀರಿ. ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿಲೋಮೀಟರ್. ಅದೇ ತಪ್ಪನ್ನು ತಿದ್ದದೆ ಹೋದರೆ ದೆಹಲಿ ಬರುವ ಹೊತ್ತಿಗೆ ವಿಮಾನ ಎಷ್ಟು ದೂರ ಸರಿದಿರುತ್ತದೆ? 1,700ನ್ನು 60ರಿಂದ ಭಾಗಿಸಿ. ಸುಮಾರು 28 ಕಿಲೋಮೀಟರ್!

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿಗೆ ಹೆದರಬೇಕಾಗಿಲ್ಲ. ರೇಡಿಯೋದಲ್ಲಿ ಆಡುವುದು ಚುಟುಕು ಮಾತು, ಗೊತ್ತಾದ ಪದಗಳು. ಅಕ್ಷರಗಳನ್ನು ಹೇಳಲೂ ಒಂದು ಕ್ರಮವಿದೆ: ಎ ಅಂದರೆ ಆಲ್ಫಾ, ಬಿ ಅಂದರೆ ಬ್ರಾವೋ, ಸಿ ಅಂದರೆ ಚಾರ್ಲಿ. ಉಮಾ ಎಂಬ ಹುಡುಗಿ ತನ್ನ ಹೆಸರನ್ನು ಯೂನಿಫಾರ್ಮ್, ಮೈಕ್, ಆಲ್ಫಾ ಎಂದು ಹೇಳಬೇಕು. ಆದರೆ ಪರೀಕ್ಷೆಗಳೆಲ್ಲ ಇಂಗ್ಲಿಷಿನಲ್ಲೇ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆ ಗಟ್ಟಿಯಾಗಿ ಓದುವ ಅಭ್ಯಾಸ ಈಗಿನಿಂದಲೇ ಇರಲಿ.

ಲೈಸೆನ್ಸಿಗೆ ಒಟ್ಟು 200 ಗಂಟೆ ವಿಮಾನ ಹಾರಿಸಿರಬೇಕು. ಅದರಲ್ಲಿ 100 ಗಂಟೆ ತಾನೇ ಹೊಣೆ ಹೊತ್ತು ಹಾರಿಸಿದ್ದಾಗಿರಬೇಕು. ರಾತ್ರಿ ಹಾರಾಟವೂ ಬೇಕು. ದಾರಿ ಹುಡುಕುವ ವಿದ್ಯೆ, ಹವಾಮಾನ, ವಾಯುಯಾನ ನಿಯಮ, ವಿಮಾನದ ತಾಂತ್ರಿಕ ವಿಷಯಗಳ ಲಿಖಿತ ಪರೀಕ್ಷೆಗಳಿವೆ. ಪಾಸಾಗಲು 100ಕ್ಕೆ 70 ಅಂಕ. ನಮ್ಮ ಶಾಲೆಯ ಪಾಸಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ರೇಡಿಯೋ ಬಳಸುವುದಕ್ಕೆ ಬೇರೆಯೇ ಪರೀಕ್ಷೆ.

ಮೊದಲು ಡಾಕ್ಟರು, ಆಮೇಲೆ ಫೀಸು

ಈಗ ನಾನು ಹೇಳುವುದನ್ನು ಮನೆಯ ಹಿರಿಯರು ದಯವಿಟ್ಟು ಗುರುತು ಹಾಕಿಟ್ಟುಕೊಳ್ಳಿ. ಒಂದು ರೂಪಾಯಿ ಫೀಸು ಕಟ್ಟುವ ಮುಂಚೆ ಮಗಳ ವೈದ್ಯಕೀಯ ಪರೀಕ್ಷೆ ಆಗಬೇಕು. ಎರಡನೇ ದರ್ಜೆಯದು, ಮೊದಲನೇ ದರ್ಜೆಯದು ಎಂದು ಎರಡು ಬಗೆಯಿವೆ. ವಿಮಾನ ಕಂಪನಿಯ ಕೆಲಸಕ್ಕೆ ಮೊದಲನೇ ದರ್ಜೆಯದು ಬೇಕೇ ಬೇಕು. ಇದನ್ನು ನಡೆಸುವ ಕೇಂದ್ರಗಳಲ್ಲಿ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ಕಣ್ಣು, ಕಿವಿ, ಹೃದಯ, ರಕ್ತ ಎಲ್ಲವನ್ನೂ ನೋಡುತ್ತಾರೆ. ಕನ್ನಡಕ ಇದ್ದರೆ ಆಗುವುದಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಕನ್ನಡಕ ಹಾಕಿಕೊಂಡಾಗ ನೋಟ ಸರಿಯಿದ್ದರೆ ಸಾಕು. ಬಣ್ಣ ಗುರುತಿಸುವ ತೊಂದರೆ ಇದ್ದರೆ ಮಾತ್ರ ಕಷ್ಟ. ಅದು ಹೆಣ್ಣುಮಕ್ಕಳಲ್ಲಿ ತೀರಾ ಅಪರೂಪ.

ಇದನ್ನು ಬಿಟ್ಟು ಫೀಸು ಕಟ್ಟುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಸಾಲದ ಲೆಕ್ಕ

ಭಾರತದಲ್ಲಿ ಸಿಪಿಎಲ್ ತರಬೇತಿಗೆ ಸುಮಾರು 50 ಲಕ್ಷ ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. ಅದಾದ ಮೇಲೆ ಏರ್‌ಬಸ್ 320 ಅಥವಾ ಬೋಯಿಂಗ್ 737ರಂಥ ಒಂದು ನಿರ್ದಿಷ್ಟ ವಿಮಾನವನ್ನು ನಡೆಸುವ ತರಬೇತಿ ಬೇರೆ. ಅದಕ್ಕೂ ಹಲವು ಲಕ್ಷ ಬೇಕು. ವಿಮಾನ ಕಂಪನಿಗಳೇ ನಡೆಸುವ ಕೆಡೆಟ್ ಯೋಜನೆಗಳಲ್ಲಿ ಒಟ್ಟು ಖರ್ಚು ಕೋಟಿ ಮೀರುವುದೂ ಉಂಟು.

ಬ್ಯಾಂಕುಗಳು ಪೈಲಟ್ ತರಬೇತಿಗೂ ಶಿಕ್ಷಣ ಸಾಲ ಕೊಡುತ್ತವೆ. ಹೆಣ್ಣುಮಕ್ಕಳಿಗೆ ಹಲವು ಬ್ಯಾಂಕುಗಳಲ್ಲಿ ಬಡ್ಡಿ ಅರ್ಧ ಪರ್ಸೆಂಟ್ ಕಡಿಮೆ. ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡವಿಡಬೇಕು. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮಾತ್ರ ಹಣ ಎತ್ತಿದ ದಿನದಿಂದಲೇ ಬೆಳೆಯುತ್ತದೆ. ಕೌಂಟರಿನ ಈಚೆ ಕೂತು ವರ್ಷಗಟ್ಟಲೆ ನೋಡಿದ್ದೇನೆ, ಈ ಒಂದು ಮಾತನ್ನು ಬಹಳ ಜನ ಕೇಳಿಸಿಕೊಳ್ಳುವುದೇ ಇಲ್ಲ.

ಮಕ್ಕಳು ಕ್ಯಾಲ್ಕುಲೇಟರ್ ತನ್ನಿ. ಸಾಲ 50 ಲಕ್ಷ, ಬಡ್ಡಿ 10 ಪರ್ಸೆಂಟ್ ಅನ್ನಿ. ಕಂತು ಶುರುವಾಗುವ ಹೊತ್ತಿಗೆ 10 ಲಕ್ಷ ಬಡ್ಡಿ ಸೇರಿ ಸಾಲ 60 ಲಕ್ಷ ಆಯಿತು ಎಂದುಕೊಳ್ಳೋಣ. 15 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 64,500 ರೂಪಾಯಿ. 180 ಕಂತು ಮುಗಿಯುವಾಗ ಕಟ್ಟಿದ್ದು 1 ಕೋಟಿ 16 ಲಕ್ಷ. ಬದಲಿಗೆ ಓದುವಾಗಲೇ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತಾ ಬಂದರೆ ಸಾಲ 50 ಲಕ್ಷದಲ್ಲೇ ನಿಲ್ಲುತ್ತದೆ, ಕಂತು 53,700ರ ಆಸುಪಾಸಿಗೆ ಇಳಿಯುತ್ತದೆ. ಮೊದಲೇ ಕಟ್ಟಿದ ಬಡ್ಡಿಯನ್ನು ಸೇರಿಸಿಕೊಂಡರೂ ಒಟ್ಟು 9 ಲಕ್ಷ ಉಳಿತಾಯ. ಅಜ್ಜನ ಪೆನ್ಷನ್ನಿನಲ್ಲಿ ಒಂದು ಪಾಲು ಆ ಬಡ್ಡಿಗೆ ಹೋದರೆ ಮೊಮ್ಮಗಳಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ.

ಹಾಗೆಂದು ವಾಸದ ಮನೆಯನ್ನು ಅಡವಿಡಬೇಡಿ. ಸೈಟು, ಠೇವಣಿ, ವಿಮಾ ಪಾಲಿಸಿ ಇದ್ದರೆ ಅದನ್ನು ನೋಡಿ. ಯಾಕೆಂದರೆ ಲೈಸೆನ್ಸ್ ಸಿಕ್ಕ ದಿನವೇ ಕೆಲಸ ಸಿಗುತ್ತದೆ ಎಂದಿಲ್ಲ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಒಂದೊಂದು ಕಂಪನಿ ಮುಚ್ಚಿದಾಗಲೂ ಅನುಭವಿ ಪೈಲಟ್‌ಗಳು ಕೆಲಸ ಹುಡುಕುತ್ತಾ ಬಂದರು, ಹೊಸಬರ ಸರದಿ ಹಿಂದೆ ಹೋಯಿತು. ಇನ್ನೊಂದು ಪಕ್ಕವನ್ನೂ ಹೇಳಬೇಕು. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ ಇಂಡಿಗೋ 500 ವಿಮಾನಗಳಿಗೂ ಆರ್ಡರ್ ಕೊಟ್ಟಿವೆ. ಅವು ವರ್ಷ ವರ್ಷವೂ ಬರುತ್ತಿರುತ್ತವೆ, ಪ್ರತಿಯೊಂದಕ್ಕೂ ಪೈಲಟ್‌ಗಳು ಬೇಕು. ಕಾಯಬೇಕಾಗಿ ಬಂದರೆ ಕೈಯಲ್ಲಿ ಇನ್ನೊಂದು ವಿದ್ಯೆ ಇರಲಿ ಎಂದು ದೂರಶಿಕ್ಷಣದಲ್ಲಿ ಒಂದು ಡಿಗ್ರಿ ಮಾಡಿಕೊಳ್ಳುವುದು ಜಾಣತನ.

ತರಬೇತಿ ಶಾಲೆ ಆರಿಸುವಾಗ ಡಿಜಿಸಿಎ ಮಾನ್ಯತೆ ಇದೆಯೇ ನೋಡಿ. ಎಷ್ಟು ವಿಮಾನ, ಎಷ್ಟು ಶಿಕ್ಷಕರು, ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ. ವಿಮಾನ ಕಡಿಮೆಯಿದ್ದು ಮಕ್ಕಳು ಜಾಸ್ತಿಯಿದ್ದರೆ 200 ಗಂಟೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಮಳೆಗಾಲದಲ್ಲಿ ಹಾರಾಟ ಕುಂಟುತ್ತದೆ ಎನ್ನುವುದೂ ನೆನಪಿರಲಿ. ಈಗಾಗಲೇ ಕಲಿಯುತ್ತಿರುವ ಇಬ್ಬರು ಮೂವರನ್ನು ಮಾತಾಡಿಸಿ. ಫೀಸನ್ನು ಒಂದೇ ಸಲ ಕಟ್ಟಬೇಡಿ, ಹಂತ ಹಂತವಾಗಿ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು. 2024ರ ಜನವರಿಯಲ್ಲಿ ದೇವನಹಳ್ಳಿಯ ಹತ್ತಿರ ಬೋಯಿಂಗ್ ಕಂಪನಿಯ ಕೇಂದ್ರದ ಉದ್ಘಾಟನೆಯಾದಾಗ ಸುಕನ್ಯಾ ಎಂಬ ಯೋಜನೆಯೂ ಶುರುವಾಯಿತು. ಪೈಲಟ್ ಆಗಲು ಕಲಿಯುವ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವುದು ಅದರ ಉದ್ದೇಶಗಳಲ್ಲಿ ಒಂದು. ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಕಣ್ಣಿಟ್ಟಿರಿ.

ಮದುವೆಯಾದ ಮೇಲೆ?

ಅಜ್ಜಿಯರು ಕೇಳುವ ಪ್ರಶ್ನೆ ಇದು, ಕೇಳುವುದು ತಪ್ಪೂ ಅಲ್ಲ. ಗರ್ಭಿಣಿಯಾದಾಗ ಪೈಲಟ್ ಹಾರಾಟ ನಿಲ್ಲಿಸಬೇಕಾಗುತ್ತದೆ. ಕಾನೂನಿನ ಪ್ರಕಾರ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ. ಆಮೇಲೆ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡು ಮತ್ತೆ ಸೀಟಿಗೆ ಬರಬಹುದು. ರಾತ್ರಿ ಪಾಳಿ, ಹಬ್ಬದ ದಿನ ಡ್ಯೂಟಿ, ಬೇರೆ ಊರಿನಲ್ಲಿ ತಂಗುವುದು ಇದ್ದದ್ದೇ. ಆದರೆ ವಿಶ್ರಾಂತಿಯ ಗಂಟೆಗಳನ್ನು ಸರ್ಕಾರವೇ ನಿಗದಿ ಮಾಡಿದೆ. ವರ್ಷಕ್ಕೆ 1,000 ಗಂಟೆ ಮೀರಿ ಯಾರೂ ಹಾರುವಂತಿಲ್ಲ. ಸಂಬಳ ದರ್ಜೆಗೆ, ಹಾರಿದ ಗಂಟೆಗಳಿಗೆ ತಕ್ಕಂತೆ ಸಿಗುತ್ತದೆ. ಹೆಣ್ಣಿಗೊಂದು ಗಂಡಿಗೊಂದು ಲೆಕ್ಕವಿಲ್ಲ. ಎಡಗಡೆಯ ಸೀಟು ಕ್ಯಾಪ್ಟನ್ನರದು, ಭುಜದ ಮೇಲೆ ನಾಲ್ಕು ಪಟ್ಟಿ. ಅನುಭವವೂ ಪರೀಕ್ಷೆಯೂ ಸೇರಿ ಆ ಪಟ್ಟಿಯನ್ನು ಕೊಡುತ್ತವೆ.

ಎಷ್ಟೋ ಮನೆಗಳಲ್ಲಿ ಹೆಣ್ಣುಮಗುವಿನ ಹೆಸರಿನಲ್ಲಿ ಠೇವಣಿ ಇಡುವಾಗ ಮದುವೆಯ ಖರ್ಚಿಗೆ ಎಂದು ಮನಸ್ಸಿನಲ್ಲೇ ಬರೆದಿಟ್ಟಿರುತ್ತಾರೆ. ಅದು ಬಾಂಡಿನ ಮೇಲೆ ಎಲ್ಲೂ ಅಚ್ಚಾಗಿಲ್ಲ. ಹಣ ಯಾವುದಕ್ಕೆ ಎಂದು ಒಮ್ಮೆ ಅವಳನ್ನೇ ಕೂರಿಸಿಕೊಂಡು ಕೇಳಿ. ಅವಳು ಪೈಲಟ್ ಆಗುತ್ತೇನೆ ಎಂದರೆ ಹುಡುಗಿ ಎನ್ನುವ ಕಾರಣಕ್ಕೆ ಬೇಡ ಎನ್ನಬೇಡಿ. ಹಣದ ಲೆಕ್ಕ ಹೊಂದದೆ ಬೇಡ ಎನ್ನಬೇಕಾಗಿ ಬಂದರೆ ಲೆಕ್ಕವನ್ನು ಬಿಡಿಸಿ ತೋರಿಸಿ, ಅವಳಿಗೆ ಅರ್ಥವಾಗುತ್ತದೆ.

ಶಾಲೆಯಲ್ಲಿರುವ ಹುಡುಗಿಯರೇ, ನಿಮಗೆ ಸದ್ಯಕ್ಕೆ ಮೂರೇ ಕೆಲಸ. ಗಣಿತ, ವಿಜ್ಞಾನದ ಪುಸ್ತಕ ಬಿಡಬೇಡಿ. ನಿಮ್ಮ ಶಾಲೆ ಅಥವಾ ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳ ವಿಭಾಗ ಇದ್ದರೆ ಸೇರಿಕೊಳ್ಳಿ. ಅಲ್ಲಿ ಪುಟ್ಟ ಮೈಕ್ರೋಲೈಟ್ ವಿಮಾನದಲ್ಲಿ ಕೂರುವ ಅವಕಾಶ ಕೆಡೆಟ್‌ಗಳಿಗೆ ಸಿಗುತ್ತದೆ. ಒಮ್ಮೆ ಮೇಲೆ ಹೋಗಿ ಬಂದರೆ ಆಸೆ ನಿಜವೋ ಅಲ್ಲವೋ ನಿಮಗೇ ತಿಳಿಯುತ್ತದೆ. ಮೂರನೆಯದು, ಇವತ್ತು ಊಟವಾದ ಮೇಲೆ ಮೇಲಿನ ಕಂತಿನ ಲೆಕ್ಕವನ್ನು ಅಜ್ಜನ ಜೊತೆ ಕೂತು ಇನ್ನೊಮ್ಮೆ ಮಾಡಿ. ಈ ಸಲ ಬಡ್ಡಿ 9 ಪರ್ಸೆಂಟ್ ಹಾಕಿ ನೋಡಿ.