ಕೋವಿಡ್ ಕಾಲ: ಕಾಡಿದ್ದೇನು, ಕಾಯ್ದದ್ದೇನು?

ದೇಶದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು ಕಲಬುರಗಿಯ 76 ವರ್ಷದ ಹಿರಿಯರು. ಅದು 2020ರ ಮಾರ್ಚ್ 10. ಎರಡು ವಾರ ಕಳೆಯುವಷ್ಟರಲ್ಲಿ ಇಡೀ ದೇಶಕ್ಕೆ ಬೀಗ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ್ದು 2023ರ ಮೇ 5ರಂದು. ಅಷ್ಟರಲ್ಲಿ ಸರ್ಕಾರಿ ಲೆಕ್ಕದಲ್ಲೇ ರಾಜ್ಯದ 40 ಸಾವಿರಕ್ಕೂ ಹೆಚ್ಚು ಜೀವಗಳು ಹೋಗಿದ್ದವು. ಈಗ ಮಾಸ್ಕ್ ಕಳಚಿದೆ, ಜಾತ್ರೆ, ಮದುವೆಗಳು ಮೊದಲಿನಂತೆ ನಡೆಯುತ್ತಿವೆ. ಆ ದಿನಗಳನ್ನು ಮರೆತುಬಿಡೋಣ ಎಂದು ಮನಸ್ಸಿಗೆ ಅನ್ನಿಸುವುದು ಸಹಜ. ಆದರೆ ಆಗ ನಮ್ಮನ್ನು ಕಾಡಿದ್ದೇನು, ಕಾಯ್ದದ್ದೇನು ಎಂಬ ಲೆಕ್ಕವನ್ನೂ ಮರೆತರೆ ನಮ್ಮ ಮಕ್ಕಳಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಮೊದಲ ಪೆಟ್ಟು ಬಿದ್ದದ್ದು ದುಡಿದು ತಿನ್ನುವವರಿಗೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದಿದ್ದವರು ಕೂಲಿಯೂ ಇಲ್ಲದೆ, ಬಸ್ಸೂ ಇಲ್ಲದೆ ಗಂಟುಮೂಟೆ ಹೊತ್ತು ನಡೆದೇ ಹೊರಟರು. ಹೊರರಾಜ್ಯದ ಕಾರ್ಮಿಕರನ್ನು ಊರು ಮುಟ್ಟಿಸಬೇಕಿದ್ದ ಶ್ರಮಿಕ ರೈಲುಗಳನ್ನು 2020ರ ಮೇ ಮೊದಲ ವಾರದಲ್ಲಿ ರಾಜ್ಯ ಸರ್ಕಾರ ಬೇಡವೆಂದಿತು. ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆದ ಬೆನ್ನಲ್ಲೇ ಬಂದ ನಿರ್ಧಾರ ಅದು. ಎಲ್ಲೆಡೆ ಆಕ್ರೋಶ ಎದ್ದ ಮೇಲೆ ಎರಡೇ ದಿನಕ್ಕೆ ಅದನ್ನು ಹಿಂತೆಗೆದುಕೊಂಡಿತು. ಊರಿಗೆ ಹೋಗುವ ಹಕ್ಕನ್ನೂ ಕಾರ್ಮಿಕ ಬೇಡಿ ಪಡೆಯಬೇಕಾದ ಆ ಎರಡು ದಿನ ನಮ್ಮ ಸಮಾಜಕ್ಕೆ ಅಂಟಿದ ಕಳಂಕ.

ಎರಡನೇ ಅಲೆ ಬಡವ ಬಲ್ಲಿದ ಎನ್ನದೆ ಎಲ್ಲರ ಮನೆಗೂ ನುಗ್ಗಿತು. 2021ರ ಮೇ 2ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್‌ಗಳಿಗೆ ಹಾಹಾಕಾರ ಎದ್ದಿತ್ತು. ಸರ್ಕಾರದ ಲೆಕ್ಕದಲ್ಲೇ ಒಂದು ದಿನದೊಳಗೆ ಅಲ್ಲಿ 24 ರೋಗಿಗಳು ಪ್ರಾಣಬಿಟ್ಟರು. ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡಿ ಎಂದು ಕೇಂದ್ರಕ್ಕೆ ಹೈಕೋರ್ಟ್ ಆದೇಶ ಮಾಡಬೇಕಾಯಿತು. ಬೆಂಗಳೂರಿನ ಚಿತಾಗಾರಗಳು ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಯ ಬಯಲಿನಲ್ಲಿ ಸಾಲುಸಾಲು ಚಿತೆ ಉರಿದವು. ವಾರಸುದಾರರು ಬಾರದೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಕಡೆಗೆ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಟ್ಟಿತು.

ರೋಗಕ್ಕಿಂತ ವೇಗವಾಗಿ ಭಯ ಹಬ್ಬಿತು. ಆಸ್ಪತ್ರೆಯಲ್ಲಿ ದುಡಿದು ಬಂದ ನರ್ಸ್‌ಗಳಿಗೆ ಬಾಡಿಗೆ ಮನೆ ಬಿಡಿ ಎಂದರು. ಸೋಂಕಿಗೆ ಧರ್ಮದ ಹೆಸರು ಹಚ್ಚಿ ತಳ್ಳುಗಾಡಿಯ ವ್ಯಾಪಾರಿಗಳನ್ನು ಬೀದಿಗೆ ಬರಗೊಡಲಿಲ್ಲ. ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ದೃಶ್ಯ ಹೊರಬಿದ್ದಾಗ ಜಿಲ್ಲಾಡಳಿತ ಕ್ಷಮೆ ಕೇಳಿತು. ಈ ಕ್ರೌರ್ಯಕ್ಕೆ ವೈರಸ್ ಹೊಣೆಯಲ್ಲ. ನಮ್ಮೊಳಗೆ ಮೊದಲೇ ಇದ್ದದ್ದು ಆಗ ಬಯಲಿಗೆ ಬಂತು, ಅಷ್ಟೆ.

ಮಕ್ಕಳಿಗಾದ ನಷ್ಟ ಇನ್ನೂ ದೊಡ್ಡದು, ಆದರೆ ಕಣ್ಣಿಗೆ ಬೀಳುವುದು ಕಡಿಮೆ. ಸುಳ್ಯ ತಾಲ್ಲೂಕಿನಲ್ಲಿ ಮಳೆ ಸುರಿಯುವಾಗ ರಸ್ತೆ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಅವಳಿಗೆ ಮೊಬೈಲಾದರೂ ಇತ್ತು, ನೆಟ್‌ವರ್ಕ್ ಅಷ್ಟೇ ಸಿಗುತ್ತಿರಲಿಲ್ಲ. ಮನೆಗಿದ್ದ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗುತ್ತಿದ್ದ ಮನೆಗಳಲ್ಲಿ ಪಾಠ ರಾತ್ರಿಗೇ ಮೀಸಲು. ವಠಾರಕ್ಕೇ ಮೇಷ್ಟ್ರನ್ನು ಕಳಿಸಿದ ‘ವಿದ್ಯಾಗಮ’ ಒಳ್ಳೆಯ ಪ್ರಯತ್ನವಾಗಿತ್ತು, ಸೋಂಕಿನ ಭಯದಿಂದ ಕೆಲವೇ ತಿಂಗಳಿಗೆ ನಿಂತಿತು. ಕರ್ನಾಟಕವೂ ಸೇರಿ ಐದು ರಾಜ್ಯಗಳ ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಅಧ್ಯಯನ ನಡೆಸಿತು. ಭಾಷೆಯಲ್ಲಿ ಮೊದಲು ಬರುತ್ತಿದ್ದ ಒಂದಾದರೂ ಕೌಶಲವನ್ನು ನೂರಕ್ಕೆ 92 ಮಕ್ಕಳು ಮರೆತಿದ್ದರು. ಗಣಿತದಲ್ಲಿ ಹಾಗೆ ಹಿಂದೆ ಬಿದ್ದವರು 82. ಆಮೇಲೆ ‘ಕಲಿಕಾ ಚೇತರಿಕೆ’ ಬಂತು. ಆದರೆ ಒಂದೂವರೆ ವರ್ಷದ ಕೊರತೆಯನ್ನು ಒಂದು ವರ್ಷದ ಕಾರ್ಯಕ್ರಮ ತುಂಬಲಾರದು. ಆಗ ಅಕ್ಷರ ಕಲಿಯುತ್ತಿದ್ದ ಮಕ್ಕಳು ಈಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾರೆ.

ಇಷ್ಟೆಲ್ಲದರ ನಡುವೆ ನಮ್ಮನ್ನು ಕಾಯ್ದದ್ದು ಯಾವುದು? ಸೆರಗನ್ನೇ ಮಾಸ್ಕ್ ಮಾಡಿಕೊಂಡು, ಕೈಯಲ್ಲಿ ರಿಜಿಸ್ಟರ್ ಹಿಡಿದು, “ಜ್ವರ ಐತೇನ್ರೀ? ಬೆಂಗಳೂರಿಂದ ಯಾರರೆ ಬಂದಾರೇನ್ರೀ?” ಎಂದು ಮನೆಮನೆ ಬಾಗಿಲಿಗೆ ಹೋದ ಆಶಾ ಕಾರ್ಯಕರ್ತೆ. ಆಹಾರದ ಪೊಟ್ಟಣವನ್ನು ಮನೆಗೇ ಮುಟ್ಟಿಸಿದ ಅಂಗನವಾಡಿ. ನ್ಯಾಯಬೆಲೆ ಅಂಗಡಿಯ ಅಕ್ಕಿ. ಊರಿಗೆ ಮರಳಿದವರಿಗೆ ಕೆರೆ ಹೂಳೆತ್ತುವ ಕೆಲಸ ಕೊಟ್ಟ ಉದ್ಯೋಗ ಖಾತ್ರಿ: 2020–21ರಲ್ಲಿ ದೇಶದಾದ್ಯಂತ ಅದು ಸೃಷ್ಟಿಸಿದ್ದು ಸುಮಾರು 389 ಕೋಟಿ ಮಾನವ ದಿನ. ಉಳ್ಳವರು ಎಂದೂ ತಿರುಗಿ ನೋಡದಿದ್ದ ಸರ್ಕಾರಿ ಆಸ್ಪತ್ರೆಯ ಹಾಸಿಗೆ. ಇವುಗಳ ಜೊತೆಗೆ ಜನರೂ ಕೈಜೋಡಿಸಿದರು. ಕೊಪ್ಪಳದ ಗವಿಮಠ ತನ್ನ ಕಟ್ಟಡವನ್ನು ಕೋವಿಡ್ ಆಸ್ಪತ್ರೆಗೆ ಬಿಟ್ಟುಕೊಟ್ಟಿತು. ಬಂಧುಗಳೇ ಹತ್ತಿರ ಬಾರದ ಶವಗಳಿಗೆ ಯುವಕರು ಅವರವರ ಧರ್ಮದಂತೆಯೇ ಸಂಸ್ಕಾರ ಮಾಡಿದರು. ಮನುಷ್ಯರ ಮೇಲಿನ ನಂಬಿಕೆ ಉಳಿದದ್ದು ಇವರಿಂದ.

ಕಾಯ್ದವರಿಗೆ ನಾವು ಮಾಡಿದ್ದೇನು? ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಎಂದು ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ಮುಷ್ಕರ ಹೂಡಬೇಕಾಯಿತು. 2025ರ ಜನವರಿಯಲ್ಲೂ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಸಿಕ್ಕ ಮೇಲೆ ಎದ್ದುಹೋದರು. ಅಂದು ಹೂಮಳೆ ಸುರಿಸಿ ಚಪ್ಪಾಳೆ ತಟ್ಟಿದ ಸಮಾಜ ಇವರ ಸಂಬಳದ ಮಾತು ಬಂದಾಗ ಸುಮ್ಮನಾಯಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಆ ಪೆಟ್ಟಿನಿಂದ ಎಚ್ಚೆತ್ತ ಆಡಳಿತ ಗಾಳಿ ಬೆಳಕಿರುವ ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿತು. ನಮ್ಮ ಕಾಲದ ಪಿಡುಗು ಪಾಠ ಕಲಿಸಿದೆ, ಕಟ್ಟುವ ಕೆಲಸ ಬಾಕಿ ಇದೆ. ಜಿಲ್ಲಾಸ್ಪತ್ರೆಗಳಿಗೆ ಆಮ್ಲಜನಕ ಘಟಕಗಳು ಬಂದಿವೆ ನಿಜ, ಆದರೆ ಅವು ಕೆಡದಂತೆ ನೋಡಿಕೊಳ್ಳಲು ತಂತ್ರಜ್ಞರೂ ಹಣವೂ ಪ್ರತಿವರ್ಷ ಬೇಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿರಬೇಕು. ಗುಳೆ ಹೋದವರಿಗೆ ಹೋದಲ್ಲೇ ಪಡಿತರ ಸಿಗಬೇಕು. ಹಿಂದುಳಿದ ಮಕ್ಕಳಿಗೆ ಓದು ಬರಹ ಗಟ್ಟಿಯಾಗುವವರೆಗೆ ವಿಶೇಷ ಪಾಠ ನಡೆಯಬೇಕು. ಆಶಾ ಕಾರ್ಯಕರ್ತೆಯರಿಗೆ ಕೊಟ್ಟ ಮಾತು ಆದೇಶವಾಗಿ ಬರಬೇಕು. ಇನ್ನೊಂದು ಸಾಂಕ್ರಾಮಿಕ ಇಂದಲ್ಲ ನಾಳೆ ಬಂದೇ ಬರುತ್ತದೆ. ಬಂದ ಮೇಲೆ ಕಟ್ಟಲು ಸಮಯ ಇರುವುದಿಲ್ಲ. ಈಗ ಸಮಯವಿದೆ, ಸರ್ಕಾರ ಇದನ್ನು ಮಾಡಲೇಬೇಕು, ಮಾಡುವವರೆಗೂ ನಾವು ಕೇಳುತ್ತಲೇ ಇರಬೇಕು.