ವಾರಕ್ಕೊಂದು ಸೂಜಿ: ಲೆಕ್ಕ ಹಾಕಿ ಚುಚ್ಚಿಸಿಕೊಳ್ಳೋಣ

"ದುಬೈಯಿಂದ ಬರುವಾಗ ಆ ಸಪೂರ ಆಗುವ ಸೂಜಿ ಎರಡು ತಕೊಂಡು ಬಾ" ಎಂಬ ಮಾತು ಈಗ ನಮ್ಮ ಮನೆಗಳಲ್ಲೂ ಕೇಳುತ್ತಿದೆ. ಐಸಿಎಂಆರ್ ಸಮೀಕ್ಷೆಯ 2023ರ ವರದಿಯಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ಹಾಗಾಗಿ ಈ ಔಷಧಿಗಳ ಬಗ್ಗೆ ನಾವು ಸರಿಯಾಗಿ ತಿಳಿದಿರಬೇಕು.

ಮುಖ್ಯವಾಗಿ ಇರುವುದು ಎರಡು. ಒಂದು ಸೆಮಾಗ್ಲುಟೈಡ್. ಶುಗರಿಗೆ ಓಝೆಂಪಿಕ್, ತೂಕಕ್ಕೆ ವೆಗೋವಿ ಎಂದು ಹೆಸರು ಬೇರೆ, ಮದ್ದು ಒಂದೇ. ಇನ್ನೊಂದು ಟಿರ್ಜೆಪಟೈಡ್, ಅಂದರೆ ಮೌಂಜಾರೊ. ಮೊದಲನೆಯದು ಕರುಳಿನ ಒಂದು ಹಾರ್ಮೋನಿನ ಕೆಲಸ ಮಾಡುತ್ತದೆ, ಎರಡನೆಯದು ಎರಡು ಹಾರ್ಮೋನುಗಳ ಕೆಲಸ ಮಾಡುತ್ತದೆ. ಎರಡೂ ಹಸಿವು ಕಡಿಮೆ ಮಾಡಿ, ಶುಗರ್ ಇಳಿಸುತ್ತವೆ.

ಶುಗರ್ ಇಲ್ಲದ ಬೊಜ್ಜಿನವರ ಮೇಲೆ ಎರಡನ್ನೂ ನೇರವಾಗಿ ಹೋಲಿಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. 72 ವಾರಗಳಲ್ಲಿ ಮೌಂಜಾರೊದ ಮದ್ದಿನಿಂದ ಸರಾಸರಿ ಶೇ. 20.2, ಸೆಮಾಗ್ಲುಟೈಡ್‌ನಿಂದ ಶೇ. 13.7 ತೂಕ ಇಳಿಯಿತು. ಆದರೆ ತೂಕವೊಂದೇ ಲೆಕ್ಕವಲ್ಲ. ಹೃದ್ರೋಗವಿದ್ದ, ಶುಗರ್ ಇಲ್ಲದ ದಪ್ಪ ದೇಹದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವನ್ನು ಸೆಮಾಗ್ಲುಟೈಡ್ ಒಟ್ಟಾರೆ ಶೇ. 20ರಷ್ಟು ತಗ್ಗಿಸಿದ್ದು 2023ರಲ್ಲೇ ಗೊತ್ತಾಗಿದೆ.

ಖರ್ಚಿನ ವಿಷಯ ನೋಡಿ. 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಮೌಂಜಾರೊದ 2.5 ಮಿಲಿಗ್ರಾಂ ಬಾಟಲಿಗೆ 3,500 ರೂಪಾಯಿ. ಅದು ಬರೇ ಒಂದು ವಾರಕ್ಕೆ! ಸೆಮಾಗ್ಲುಟೈಡ್ ಪೇಟೆಂಟಿನ ಅವಧಿ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಆಮೇಲೆ ನಮ್ಮ ದೇಶದ ಕಂಪೆನಿಗಳಿಗೂ ದಾರಿ ತೆರೆದುಕೊಳ್ಳುತ್ತದೆ. ಆದರೆ ಮದ್ದು ಬಿಟ್ಟರೆ ತೂಕ ಬಹುಪಾಲು ವಾಪಸ್ ಬರುತ್ತದೆ. ಮದುವೆಗೆ ಮೂರು ತಿಂಗಳು ಎಂದು ಶುರು ಮಾಡುವವರು ಇದನ್ನು ಮರೆಯಬಾರದು.

ವಾಂತಿ, ಹೊಟ್ಟೆ ತೊಳಸುವುದು, ಮಲಬದ್ಧತೆ ಸಾಮಾನ್ಯ. ಗರ್ಭಿಣಿಯರಿಗೆ ಇದು ಬೇಡ. ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದರೆ, ಮನೆತನದಲ್ಲಿ ಕೆಲವು ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜೊತೆಗಿದ್ದರೆ ಶುಗರ್ ತೀರಾ ಇಳಿಯಬಹುದು. ಇನ್ಸುಲಿನ್ ತಾವಾಗಿಯೇ ನಿಲ್ಲಿಸುವುದಂತೂ ಅಪಾಯ. ರಂಝಾನ್ ಹತ್ತಿರವಿರುವಾಗ ಹೊಸದಾಗಿ ಶುರು ಮಾಡುವುದು, ಡೋಸ್ ಏರಿಸುವುದು ಬೇಡ. ವಾಂತಿಯಾಗಿ ನೀರಿನಂಶ ಕಡಿಮೆಯಾದರೆ ಉಪವಾಸ ಕಷ್ಟ.

ಗಲ್ಫಿನಿಂದ ಸೂಟ್‌ಕೇಸಿನಲ್ಲಿ ತರುವ ಪೆನ್ನಿನ ಬಗ್ಗೆಯೂ ಎಚ್ಚರ ಬೇಕು. ಬಳಸದ ಪೆನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಒಬ್ಬರ ಪೆನ್ ಇನ್ನೊಬ್ಬರು ಚುಚ್ಚಿಕೊಳ್ಳಲೇಬಾರದು, ಸೂಜಿ ಬದಲಿಸಿದರೂ ಸೋಂಕು ತಗಲಬಹುದು. ಅಣ್ಣನಿಗೆ ಬರೆದ ಡೋಸ್ ತಂಗಿಯದ್ದಲ್ಲ.